ಕೈಯಭ್ಯಾಸವೆಂಬ ಸುಳ್ಳು ಆಪಾದನೆ

ಕಳೆದ ತಿಂಗಳು ನನ್ನ ತಮ್ಮನ ಮೊಮ್ಮಗುವನ್ನು ನೋಡಲು ಬೆಂಗಳೂರಿಗೆ ಹೋಗಿದ್ದೆ. ಮಗುವಿಗೆ ಅಂದಿಗೆ ಇಪ್ಪತ್ತೆರಡು ದಿನ. ಬಾಣಂತಿ ಗೋಡೆಗೊರಗಿ ಕುಳಿತಿದ್ದಳು. ಮಗು ಅವಳ ಎದೆಯ ಮೇಲೆ ನಿದ್ರಿಸುತ್ತಿತ್ತು. ತೊಟ್ಟಿಲಿನಲ್ಲಿ ಮಲಗಿಸಿದರೆ ಎರಡು ನಿಮಿಷವೂ ತಡೆಯದೆ ಚೀರುತ್ತದೆ, ಎತ್ತಿಕೊಂಡೊಡನೆ ಸುಮ್ಮನಾಗುತ್ತದೆ ಎಂದಳು. ನಿದ್ದೆಗೆಟ್ಟು ಅವಳ ಕಣ್ಣುಗಳು ಗುಳಿಬಿದ್ದಿದ್ದವು.

"ಎತ್ತಿ ಎತ್ತಿ ಕೈಯಭ್ಯಾಸ ಮಾಡಿಸಿದ್ದಾಳೆ, ಈಗ ಅನುಭವಿಸಲಿ" ಎಂದರು ಬಂದಿದ್ದ ಹಿರಿಯರೊಬ್ಬರು, ಕಾಫಿ ಹೀರುತ್ತ. "ನಾಲ್ಕು ದಿನ ಅಳಲು ಬಿಟ್ಟರೆ ತಾನೇ ಕಲಿಯುತ್ತದೆ" ಎಂದು ಅವರ ಮಡದಿ ದನಿಗೂಡಿಸಿದರು. ನಾನು ಹೊರಡುವಾಗ ಆ ಹುಡುಗಿ ಮೆಲ್ಲನೆ ಕೇಳಿದಳು: "ದೊಡ್ಡಪ್ಪ, ನಾನು ಮಗುವನ್ನು ಕೆಡಿಸಿಬಿಟ್ಟೆನೇ?" ಅಂದು ಏನೋ ಸಮಾಧಾನ ಹೇಳಿ ಬಂದುಬಿಟ್ಟೆ. ಕೊಡಬೇಕಾಗಿದ್ದ ಉತ್ತರವನ್ನು ಈಗ ಬರೆಯುತ್ತಿದ್ದೇನೆ.

ಮೊದಲು 'ಅಭ್ಯಾಸ' ಎಂಬ ಪದವನ್ನೇ ವಿಚಾರಿಸೋಣ. ಮೂವತ್ತನಾಲ್ಕು ವರ್ಷ ಪಾಠ ಹೇಳಿದವನು ನಾನು. ಒಂದೇ ಕೆಲಸವನ್ನು ದಿನಗಟ್ಟಲೆ, ತಿಂಗಳುಗಟ್ಟಲೆ ಮಾಡಿದರೆ ಅಭ್ಯಾಸವಾಗುತ್ತದೆ. ಹಾಗಾದರೆ ಇಪ್ಪತ್ತೆರಡು ದಿನದ ಕೂಸಿಗೆ ನಿಜವಾಗಿ ಅಭ್ಯಾಸವಾಗಿರುವುದು ಯಾವುದು? ಒಂಬತ್ತು ತಿಂಗಳು ಅದು ಬೆಚ್ಚಗಿನ ಇಕ್ಕಟ್ಟಿನಲ್ಲಿ, ತಾಯಿಯ ನಡಿಗೆಯ ತೂಗಾಟದಲ್ಲಿ, ಅವಳ ಎದೆಬಡಿತ ಕೇಳುತ್ತ ಬೆಳೆದಿದೆ. ಅದಕ್ಕೆ ಹೊಸ ಪಾಠ ತಾಯಿಯ ತೋಳಲ್ಲ, ತೊಟ್ಟಿಲು. ಮೊದಲ ದಿನವೇ ಹೊಸ ಪಾಠ ಒಪ್ಪಿಸಲಿಲ್ಲವೆಂದು ವಿದ್ಯಾರ್ಥಿಯನ್ನು ದಂಡಿಸುವ ಮೇಷ್ಟ್ರನ್ನು ನೀವು ಏನೆಂದು ಕರೆಯುತ್ತೀರಿ?

ಇದು ನಮ್ಮ ಹಿರಿಯರು ಮಾತ್ರ ಹೇಳಿದ ಮಾತೂ ಅಲ್ಲ. ಶಿಕ್ಷಕರ ತರಬೇತಿಯಲ್ಲಿ ನಾವು ಬಾಯಿಪಾಠ ಮಾಡಿದ ವರ್ತನವಾದದ ಪ್ರವರ್ತಕ, ಅಮೆರಿಕದ ಜಾನ್ ಬಿ. ವಾಟ್ಸನ್, 1928ರಲ್ಲಿ ಪ್ರಕಟಿಸಿದ ಶಿಶುಪಾಲನೆಯ ಪುಸ್ತಕದಲ್ಲಿ ಮಕ್ಕಳನ್ನು ಅಪ್ಪಬೇಡಿ, ಮುದ್ದಿಸಬೇಡಿ, ಬೆಳಗ್ಗೆ ಕೈಕುಲುಕಿದರೆ ಸಾಕು ಎಂಬ ಉಪದೇಶವನ್ನೇ ಮಾಡಿದ್ದ. ಆ ಉಪದೇಶವನ್ನು ಶಿಶುವೈದ್ಯರು ಕೈಬಿಟ್ಟು ಬಹುಕಾಲವಾಯಿತು. ನಮ್ಮ ನಡುಮನೆಗಳಲ್ಲಿ ಮಾತ್ರ ಅದು ಇನ್ನೂ ಕಾಫಿ ಕುಡಿಯುತ್ತ ಕುಳಿತಿದೆ.

ಕೂಸನ್ನು ಕೆಳಗಿಳಿಸುವಾಗ ತಲೆ ತುಸು ಹಿಂದಕ್ಕೆ ಜಾರಿದರೂ ಅದು ಕೈಗಳನ್ನು ಅಗಲಿಸಿ ಬೆಚ್ಚಿಬೀಳುತ್ತದೆ. ವೈದ್ಯರು ಇದನ್ನು ಮೋರೋ ಪ್ರತಿವರ್ತನೆ ಎನ್ನುತ್ತಾರೆ. ಇದು ಹುಟ್ಟಿನಿಂದ ಬಂದದ್ದು, ಹಟವಲ್ಲ. 1986ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ನಡೆದ ಅಧ್ಯಯನವೊಂದರಲ್ಲಿ, ಮಗು ಅಳದಿದ್ದಾಗಲೂ ದಿನಕ್ಕೆ ಮೂರು ಗಂಟೆ ಹೆಚ್ಚಾಗಿ ಎತ್ತಿಕೊಳ್ಳುವಂತೆ ಕೆಲವು ತಂದೆತಾಯಿಯರಿಗೆ ಹೇಳಲಾಯಿತು. ಆರು ವಾರಗಳ ವಯಸ್ಸಿಗೆ ಆ ಮಕ್ಕಳು ಉಳಿದವಕ್ಕಿಂತ 43 ಶೇಕಡಾ ಕಡಿಮೆ ಅಳುತ್ತಿದ್ದವು. ಎತ್ತಿಕೊಂಡರೆ ಎಲ್ಲ ಅಳುವೂ ನಿಲ್ಲುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ಎತ್ತಿಕೊಂಡದ್ದರಿಂದ ಮಗು ಅಳುಬುರುಕನಾಗುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ಕಡಿಮೆ ತೂಕದ ಕೂಸುಗಳನ್ನು ತಾಯಿಯ ಎದೆಗೆ ಕಟ್ಟಿ ಉಳಿಸಿಕೊಳ್ಳುವ 'ಕಾಂಗರೂ' ಆರೈಕೆಯನ್ನು ಇಂದು ವಿಶ್ವ ಆರೋಗ್ಯ ಸಂಸ್ಥೆಯೇ ವಿಧಿಸುತ್ತದೆ. ನಮ್ಮ ಕೊಪ್ಪಳ ಜಿಲ್ಲೆಯಲ್ಲಿಯೂ ಅದನ್ನು ನಡೆಸಿ ನೋಡಿದ್ದಾರೆ. ಅಪ್ಪುಗೆ ಅಲ್ಲಿ ಚಿಕಿತ್ಸೆ, ನಮ್ಮ ಮನೆಗಳಲ್ಲಿ ಅಪರಾಧ!

"ಹಾಗಾದರೆ ತಾಯಿ ಮಲಗುವುದು ಯಾವಾಗ?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ನನ್ನ ಸಿಟ್ಟಿರುವುದೂ ಇಲ್ಲಿಯೇ. ಅಂದು ಆ ಮನೆಯಲ್ಲಿ ಬಾಣಂತಿಯನ್ನು ಬಿಟ್ಟು ಆರು ಜನರಿದ್ದೆವು. ನನ್ನ ತಮ್ಮ ಪತ್ರಿಕೆ ಓದುತ್ತಿದ್ದ, ಅಳಿಯಂದಿರು ಮೊಬೈಲಿನಲ್ಲಿ ಮುಳುಗಿದ್ದರು, ಅತಿಥಿ ದಂಪತಿಗಳು ಉಪದೇಶಿಸುತ್ತಿದ್ದರು, ನಾನು ಕೇಳುತ್ತಿದ್ದೆ. ತಮ್ಮನ ಮಡದಿಯೊಬ್ಬಳು ಅಡುಗೆಮನೆಯಲ್ಲಿ ದುಡಿಯುತ್ತಿದ್ದಳು. ಹನ್ನೆರಡು ಕೈಗಳಲ್ಲಿ ಹತ್ತು ಬಿಡುವಾಗಿದ್ದವು. ಆದರೂ ಮಗು ಇದ್ದದ್ದು ನೋಯುತ್ತಿದ್ದ ಎರಡೇ ಕೈಗಳಲ್ಲಿ.

ನಾನೇನೂ ಮಹಾ ಸಾಚಾ ಅಲ್ಲ. 1981ರಲ್ಲಿ ನನ್ನ ಹಿರಿಯ ಮಗಳು ಹೀಗೆಯೇ ಮಡಿಲು ಬಿಟ್ಟರೆ ಮಲಗುತ್ತಿರಲಿಲ್ಲ. ನಾನು ಉತ್ತರಪತ್ರಿಕೆಗಳ ಕಟ್ಟನ್ನು ಮುಂದಿಟ್ಟುಕೊಂಡು, "ಅಭ್ಯಾಸ ಮಾಡಿಸಬೇಡ" ಎಂದು ಕುಳಿತಲ್ಲಿಂದಲೇ ಹೆಂಡತಿಗೆ ಬುದ್ಧಿ ಹೇಳುತ್ತಿದ್ದೆ. ಒಂದು ರಾತ್ರಿ ನೋಡಿದರೆ ಅವಳು ಕುಳಿತಂತೆಯೇ ನಿದ್ದೆಹೋಗಿದ್ದಳು, ಮಗು ಮಡಿಲಿನಿಂದ ಜಾರಿ ಚಾಪೆಯ ಮೇಲೆ ಬಿದ್ದು ಅಳುತ್ತಿತ್ತು. ಪುಣ್ಯಕ್ಕೆ ಪೆಟ್ಟಾಗಿರಲಿಲ್ಲ. ನಾನು ಅವಳನ್ನೇ ಗದರಿದೆ. ಅವಳು ಮರುಮಾತಾಡದೆ ಮಗುವನ್ನು ಮತ್ತೆ ಎತ್ತಿಕೊಂಡಳು. ಆಗಲೂ ನಾನು ಕೈಚಾಚಲಿಲ್ಲ.

ನಿಜವಾದ ಅಪಾಯ ಇಲ್ಲಿದೆ. ದಣಿದ ತಾಯಿ ಸೋಫಾದಲ್ಲೋ ಕುರ್ಚಿಯಲ್ಲೋ ಮಗುವನ್ನು ಅಪ್ಪಿಕೊಂಡೇ ನಿದ್ದೆಹೋದರೆ ಮಗುವಿಗೆ ಉಸಿರು ಕಟ್ಟಬಹುದು. ಆದುದರಿಂದ ಮಗುವನ್ನು ಎತ್ತಿಕೊಂಡವರು ಎಚ್ಚರವಾಗಿರಬೇಕು. ಕಣ್ಣು ಎಳೆಯತೊಡಗಿದರೆ ಇನ್ನೊಬ್ಬರಿಗೆ ಒಪ್ಪಿಸಬೇಕು. ಯಾರೂ ಇಲ್ಲವಾದರೆ, ಅತ್ತರೂ ಚಿಂತೆಯಿಲ್ಲ, ಗಟ್ಟಿಯಾದ ಸಮತಟ್ಟು ಹಾಸಿಗೆಯ ಮೇಲೆ, ದಿಂಬು ಕೌದಿಗಳಿಲ್ಲದೆ, ಅಂಗಾತ ಮಲಗಿಸಬೇಕು. ಇಳಿಸುವುದಕ್ಕೂ ಒಂದು ಹದವಿದೆ. 2022ರಲ್ಲಿ ಜಪಾನಿನ ವಿಜ್ಞಾನಿಗಳು 21 ಶಿಶುಗಳ ಮೇಲೆ ನಡೆಸಿದ ಸಣ್ಣ ಅಧ್ಯಯನದಂತೆ, ಅಳುವ ಮಗುವನ್ನು ಎತ್ತಿಕೊಂಡು ಐದು ನಿಮಿಷ ನಡೆದಾಡಿ, ನಿದ್ದೆ ಹತ್ತಿದ ಮೇಲೆ ಐದರಿಂದ ಎಂಟು ನಿಮಿಷ ಹಾಗೆಯೇ ಕುಳಿತಿದ್ದು ಆಮೇಲೆ ಮಲಗಿಸಿದರೆ ಎಚ್ಚರಗೊಳ್ಳುವ ಸಂಭವ ಕಡಿಮೆ. ಹಾಲು ಕುಡಿಯದಿದ್ದರೆ, ಜ್ವರವಿದ್ದರೆ, ಎತ್ತಿಕೊಂಡರೂ ಅಳು ನಿಲ್ಲದಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಉಳಿದಂತೆ, ಹೆಚ್ಚಿನ ಮಕ್ಕಳು ಕೆಲವು ತಿಂಗಳುಗಳಲ್ಲಿ ತಾವಾಗಿಯೇ ಹಾಸಿಗೆಗೆ ಒಗ್ಗುತ್ತವೆ.

ನನ್ನ ಹಳೆಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಹಲವರು ಈಗ ತಂದೆಯರು, ಕೆಲವರು ಅಜ್ಜಂದಿರೂ ಆಗಿದ್ದೀರಿ. ಹಾಲೂಡಿಸುವುದೊಂದು ತಾಯಿಯ ಪಾಲಿನದು. ಎತ್ತಿಕೊಂಡು ತಟ್ಟುವುದಕ್ಕೆ ಮೀಸೆ ಅಡ್ಡಿಯಲ್ಲ. ಮುಂದಿನ ಸಲ ಬಾಣಂತಿಯನ್ನು ನೋಡಲು ಹೋದಾಗ ಗಿಲಕಿ, ಉಪದೇಶಗಳನ್ನು ಮನೆಯಲ್ಲಿಯೇ ಬಿಟ್ಟುಹೋಗಿ. ಸಾಬೂನಿನಿಂದ ಕೈತೊಳೆದು, "ಕೊಡಮ್ಮ, ಎರಡು ಗಂಟೆ ನಾನು ಎತ್ತಿಕೊಂಡಿರುತ್ತೇನೆ, ನೀನು ಮಲಗು" ಎನ್ನಿ.

ಮಗಳೇ, ನೀನು ಮಗುವನ್ನು ಕೆಡಿಸಿಲ್ಲ. ಬರುವ ಭಾನುವಾರ ನಾನೂ ನಿನ್ನ ದೊಡ್ಡಮ್ಮನೂ ಬರುತ್ತೇವೆ. ಈ ಸಲ ಕಾಫಿ ನಿಧಾನವಾಗಿ ಆಗಲಿ, ಮೊದಲು ಮಗುವನ್ನು ನನ್ನ ಕೈಗೆ ಕೊಡು.