ಆಂಡೀಸ್ ಬೆಟ್ಟದ ಜೇಡಕ್ಕೆ ಅರಕೆರೆಯಲ್ಲಿ ಏನು ಕೆಲಸ?

ಅರಕೆರೆಯ ಟೀ ಅಂಗಡಿಯಲ್ಲಿ ಕೂತಿದ್ದಾಗ ಪಿಯುಸಿ ಹುಡುಗನೊಬ್ಬ ನಮಗೆ ಮೊಬೈಲ್ ತೋರಿಸಿದ. ಯಾರದೋ ಅಂಗೈ ಮೇಲೆ ಮೈತುಂಬ ಕೂದಲಿರುವ ದೊಡ್ಡ ಜೇಡ. "ಅಣ್ಣ, ಇದು ದಕ್ಷಿಣ ಅಮೆರಿಕದ ಬೆಟ್ಟದ್ದಂತೆ. ಮರಿ ತರಿಸಿ ಸಾಕುದ್ರೆ ಒಳ್ಳೆ ದುಡ್ಡಂತೆ, ನಿಜವಾ?"

ನಾವು ನಗಲಿಲ್ಲ. ಕಬ್ಬಿನ ಬಿಲ್ಲಿಗೆ ತಿಂಗಳುಗಟ್ಟಲೆ ಕಾಯುವ ಮನೆಯ ಹುಡುಗ ಬೇರೆ ದಾರಿ ಹುಡುಕಿದರೆ ತಪ್ಪೇನು? ಆದರೆ ಈ ದಾರಿ ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ರೀಲ್ಸ್ ಮಾಡುವವರು ಹೇಳುವುದಿಲ್ಲ.

ಈ ಜೇಡಕ್ಕೆ ಟರಾಂಟುಲ ಅಂತಾರೆ. ಆಂಡೀಸ್ ಪರ್ವತದ ಎತ್ತರದಲ್ಲಿ ಕಲ್ಲಿನಡಿ, ಬಿಲದೊಳಗೆ ಇರುವ ಜಾತಿಗಳಿಗೆ ತಂಪೇ ಜೀವ. ಏಪ್ರಿಲ್‌ನಲ್ಲಿ ನಮ್ಮ ಶೀಟಿನ ಮನೆಯೊಳಗೆ ಮನುಷ್ಯರೇ ಕೂರೋಕಾಗಲ್ಲ, ಇನ್ನು ಅದು? ಕರೆಂಟಿನ ಕಥೆ ಬಿಡಿ. ಮರಿ ದೊಡ್ಡದಾಗಲು ವರ್ಷಗಳೇ ಬೇಕು. ರೇಗಿದರೆ ಹಿಂಗಾಲಲ್ಲಿ ಹೊಟ್ಟೆಯ ಕೂದಲು ಕೆರೆದು ಎರಚುತ್ತದೆ. ಅದು ಕಣ್ಣಿಗೆ ಬಿದ್ದರೆ ಆಸ್ಪತ್ರೆ ಗತಿ.

2021ರ ಜುಲೈನಲ್ಲಿ ಚೆನ್ನೈ ಕಸ್ಟಮ್ಸ್‌ನವರು ಪೋಲೆಂಡ್‌ನಿಂದ ಬಂದ ಅಂಚೆ ಪಾರ್ಸೆಲ್ ಒಂದನ್ನು ಬಿಚ್ಚಿದರು. ಬೆಳ್ಳಿ ಕಾಗದ, ಹತ್ತಿ ಸುತ್ತಿದ ಪುಟ್ಟ ಪ್ಲಾಸ್ಟಿಕ್ ಸೀಸೆಗಳಲ್ಲಿ 107 ಜೀವಂತ ಜೇಡ! ದಕ್ಷಿಣ ಮತ್ತು ಮಧ್ಯ ಅಮೆರಿಕ, ಮೆಕ್ಸಿಕೊ ಕಡೆಯ ಟರಾಂಟುಲಗಳು. ಪಾರ್ಸೆಲ್ ಹೋಗಬೇಕಿದ್ದದ್ದು ಚೆನ್ನೈಗಲ್ಲ, ಅರುಪ್ಪುಕೋಟೈ ಅನ್ನುವ ಊರಿಗೆ. ನಮ್ಮಂಥ ಊರುಗಳಿಗೂ ಈ ಶೋಕಿ ಬಂದಾಗಿದೆ. ನೆನಪಿಡಿ, ಪಾರ್ಸೆಲ್ ಮೇಲೆ ದೊಡ್ಡದಾಗಿ ಇರುವುದು ಕೊಂಡವನ ವಿಳಾಸ. ಸಿಕ್ಕಿಬೀಳುವವನೂ ಮೊದಲು ಅವನೇ.

ಸಾಕಣೆಯಲ್ಲಿ ಮರಿ ಮಾಡಿಸಿದರೆ ಕಾಡಿನ ಜೇಡ ಉಳಿಯುತ್ತದೆ ಅಂತ ಹವ್ಯಾಸಿಗಳು ವಾದಿಸುತ್ತಾರೆ. ಸ್ವಲ್ಪ ನಿಜ. ಆದರೆ ಮೊದಲ ಜೋಡಿ ಬರುವುದು ಬೆಟ್ಟದಿಂದಲೇ ಅಲ್ಲವೇ? ನಮ್ಮ ಬಳ್ಳಾರಿ ಪಕ್ಕದ ಗುತ್ತಿಯನ್ನೇ ನೋಡಿ. ಅಲ್ಲಿ ಸಿಕ್ಕ ಕಡುನೀಲಿ ಜೇಡಕ್ಕೆ 1899ರಲ್ಲಿ ವೈಜ್ಞಾನಿಕ ಹೆಸರು ಇಟ್ಟರು. ಆಮೇಲೆ ನೂರು ವರ್ಷ ಅದರ ಸುದ್ದಿಯಿಲ್ಲ. 2001ರಲ್ಲಿ ನಂದ್ಯಾಲ ಕಡೆಯ ಕಾಡಿನಲ್ಲಿ ಮತ್ತೆ ಕಂಡಿತು. ಈಗ ಯುರೋಪ್, ಅಮೆರಿಕದ ಮನೆಗಳ ಡಬ್ಬಿಗಳಲ್ಲಿ ಅದರ ಮರಿಗಳು ಮಾರಾಟವಾಗುತ್ತಿವೆ. ಇಲ್ಲಿ ಅದಕ್ಕೆ ಉಳಿದಿರುವುದು ನೂರು ಚದರ ಕಿಲೋಮೀಟರೂ ಇಲ್ಲದ ಕಾಡು. ಆ ಕಾಡಿನ ಪಕ್ಕದ ಹಳ್ಳಿಯವರಿಗೆ ಸಿಕ್ಕಿದ್ದು ಸೊನ್ನೆ. ನಮಗೆ ಆದದ್ದನ್ನೇ ನಾವು ಪೆರು, ಬೊಲಿವಿಯಾದ ಹಳ್ಳಿಗಳಿಗೆ ಮಾಡಬೇಕಾ?

ಹೊರಗಿನ ಜೀವಿ ತಂದು ಬಿಟ್ಟರೆ ಏನಾಗುತ್ತದೆ ಅಂತ ರೈತರಿಗೆ ಪಾಠ ಬೇಕಿಲ್ಲ. ತೋಟ ತಿನ್ನುವ ಆಫ್ರಿಕಾದ ದೈತ್ಯ ಬಸವನಹುಳು 1847ರಲ್ಲಿ ಒಬ್ಬ ಹವ್ಯಾಸಿಯ ಕೈಯಲ್ಲಿ ಕಲ್ಕತ್ತಾಕ್ಕೆ ಬಂದದ್ದು. ಆಂಡೀಸ್ ಜೇಡ ನಮ್ಮ ಬಿಸಿಲಿಗೆ ಬದುಕಲಾರದು, ಹಾಗಾಗಿ ಆ ಭಯ ಕಡಿಮೆ. ಆದರೆ ಅದರ ಜೊತೆಗೆ ಬರುವ ಹಾವು, ಆಮೆ, ಓತಿಗಳೆಲ್ಲ ಹಾಗಲ್ಲ.

ಕಾನೂನೂ ಬಿಗಿಯಾಗಿದೆ. 2022ರ ವನ್ಯಜೀವಿ ತಿದ್ದುಪಡಿ ಕಾಯ್ದೆಯಲ್ಲಿ ಅಂತರರಾಷ್ಟ್ರೀಯ ಸೈಟಿಸ್ ಪಟ್ಟಿಯ ವಿದೇಶಿ ಜೀವಿಗಳೂ ಸೇರಿವೆ. ಅವನ್ನು ಸಾಕುವವರು ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಇದನ್ನು ಕಾಲೇಜುಗಳಿಗೆ ಬಂದು ಹೇಳುವ ಕೆಲಸವನ್ನು ಅರಣ್ಯ ಇಲಾಖೆ ಮಾಡಬೇಕು. ಹಿಡಿದ ಮೇಲೆ ಫೋಟೊ ಕೊಡುವುದಕ್ಕಿಂತ ಅದು ಮುಖ್ಯ.

ಇಷ್ಟೆಲ್ಲ ಕೇಳಿ ಆ ಹುಡುಗ ಫೋನ್ ಜೇಬಿಗಿಟ್ಟ. "ಹಂಗಾದ್ರೆ ಅಡ್ವಾನ್ಸ್ ಕಳ್ಸಿರೋ ನನ್ ಫ್ರೆಂಡಿಗೆ ಏನೇಳ್ಲಿ ಅಣ್ಣ?" ಅಂದ.

ಇವತ್ತೇ ಆರ್ಡರ್ ಕ್ಯಾನ್ಸಲ್ ಮಾಡಕ್ಕೇಳು, ದುಡ್ಡು ಹೋದ್ರೆ ಹೋಗ್ಲಿ ಅಂದೆವು.