ಯಾರ ಮನೆಯದೂ ಅಲ್ಲದ ಭಾಷೆ

ಕುರುಗೋಡಿನ ಸಂತೆಯಲ್ಲಿ ಕನ್ನಡದಲ್ಲಿ ದರ ಕೇಳಿ, ತೆಲುಗಿನಲ್ಲಿ ಚೌಕಾಸಿ ಮಾಡಿ, ಉರ್ದುವಿನಲ್ಲಿ ಕುಶಲ ವಿಚಾರಿಸುವವರು ನಾವು. ಆದರೂ ಭಾಷೆಗಾಗಿ ಜಗ್ಗಾಡಿದ ನೆನಪು ಈ ಸೀಮೆಗಿದೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಬೀಗರ ಮನೆಗಳ ನಡುವೆ ಗಡಿ ಬಂತು.

ಅದಕ್ಕೇ ಇರಬೇಕು, ಎಸ್ಪೆರಾಂಟೊ ಕಥೆ ನನಗೆ ಪರಕೀಯವೆನಿಸಲಿಲ್ಲ. ಜಾಮೆನ್‌ಹಾಫ್ ಯಹೂದಿ ಕಣ್ಣಿನ ವೈದ್ಯರು. ಹುಟ್ಟೂರು ಬಿಯಾಲಿಸ್ಟಾಕಿನಲ್ಲಿ ರಷ್ಯನ್, ಪೋಲಿಷ್, ಜರ್ಮನ್, ಯಿಡ್ಡಿಷ್ ಆಡುವವರು ಒಬ್ಬರನ್ನೊಬ್ಬರು ವೈರಿಗಳಂತೆ ಕಾಣುವುದನ್ನು ನೋಡುತ್ತ ಬೆಳೆದರು. 1887ರಲ್ಲಿ ವಾರ್ಸಾದಲ್ಲಿ ತಾವೇ ಕಟ್ಟಿದ ಭಾಷೆಯ ಪುಟ್ಟ ಪುಸ್ತಕ ತಂದರು, 'ಡಾಕ್ಟರ್ ಎಸ್ಪೆರಾಂಟೊ' ಎಂಬ ಗುಪ್ತನಾಮದಲ್ಲಿ. ಭರವಸೆಯಿಟ್ಟವನು ಎಂದರ್ಥ. ಭಾಷೆಯ ಮೇಲಿನ ಒಡೆತನವನ್ನೂ ಬಿಟ್ಟುಕೊಟ್ಟರು. ಅವರ ಮೂವರು ಮಕ್ಕಳನ್ನೂ ನಾಜಿಗಳು ಕೊಂದರು.

ಮೂಲ ನಿಯಮಗಳು 16. ಕನ್ನಡದಂತೆ ಬರೆದಂತೆಯೇ ಓದುವುದು. ಇಂಗ್ಲಿಷ್ ಸ್ಪೆಲಿಂಗಿಗೆ ಬೆತ್ತದೇಟು ತಿಂದ ನನಗೆ ಇದೊಂದೇ ಸಾಕಿತ್ತು. 'ಬೋನಾ' ಎಂದರೆ ಒಳ್ಳೆಯ, 'ಮಾಲ್‌ಬೋನಾ' ಕೆಟ್ಟ. 'ಲೆರ್ನಿ' ಕಲಿಯುವುದು, 'ಲೆರ್ನೇಯೊ' ಶಾಲೆ. ಒಂದು ಬೇರಿನಿಂದ ಹತ್ತು ಮಾತು.

ಒಂದು ತಕರಾರು ಮಾತ್ರ ನನಗಿದೆ. 'ಪಾತ್ರೊ' ತಂದೆ, 'ಪಾತ್ರೀನೊ' ತಾಯಿ. ತಾಯಿಯನ್ನು ತಂದೆಯಿಂದ ಹುಟ್ಟಿಸಿದ ವ್ಯಾಕರಣವಿದು! ಅಕ್ಕಮಹಾದೇವಿಯನ್ನು ಅನುಭವ ಮಂಟಪಕ್ಕೆ ಬರಮಾಡಿಕೊಂಡ ಪರಂಪರೆಯವರು ಇದನ್ನು ಸುಮ್ಮನೆ ಒಪ್ಪಲಾಗದು. ಆದರೆ ಶರಣ ಪದದಿಂದಲೇ ಶರಣೆ ಬಂದದ್ದು ನೆನಪಾಗಿ ತುಸು ನಾಚಿದೆ. ಪುರುಷರಿಗೂ ಬೇರೆ ಪ್ರತ್ಯಯ ಬೇಕೆಂದು ವಾದಿಸುವವರು ಎಸ್ಪೆರಾಂಟೊ ಬಳಗದಲ್ಲೇ ಇದ್ದಾರೆ. ಸುಧಾರಣೆ ಎಲ್ಲೆಡೆ ಮನೆಯೊಳಗಿನ ಜಗಳವೇ.

ಶರಣರು ಜನರ ಆಡುಮಾತನ್ನೇ ಆರಿಸಿಕೊಂಡರಲ್ಲ, ಕಟ್ಟಿದ ಭಾಷೆ ನಮಗೇಕೆ ಎಂದು ಹಿರಿಯರೊಬ್ಬರು ಕೇಳಿದರು. ಸರಿಯಾದ ಪ್ರಶ್ನೆ. ಆದರೆ ಜಾಮೆನ್‌ಹಾಫ್ ಯಾರ ತಾಯ್ನುಡಿಯನ್ನೂ ಬಿಡಿಸಲು ಹೊರಟಿರಲಿಲ್ಲ. ಎಲ್ಲರಿಗೂ ಎರಡನೆಯದಾಗುವ ಒಂದು ಭಾಷೆ ಬಯಸಿದರು. ಶರಣರು ಬೇಡವೆಂದದ್ದು ಕೆಲವರನ್ನಷ್ಟೇ ಮೇಲೆ ಕೂರಿಸುವ ಭಾಷೆಯನ್ನು. ಅಂದು ಆ ಪೀಠದಲ್ಲಿ ಸಂಸ್ಕೃತವಿತ್ತು. ಇಂದು ಇಂಗ್ಲಿಷ್ ಬಾರದ ನಮ್ಮ ಹಳ್ಳಿಯ ಹುಡುಗಿ ಸಂದರ್ಶನದ ಕೋಣೆಯಿಂದ ತಲೆತಗ್ಗಿಸಿ ಬರುವಾಗ ಅಲ್ಲಿ ಯಾವುದಿದೆ?

ಎಂ.ಎಂ. ಕಲಬುರ್ಗಿಯವರ ಸಂಪಾದಕತ್ವದಲ್ಲಿ ಬಸವ ಸಮಿತಿ ವಚನಗಳನ್ನು ಭಾರತದ ಹಲವು ಭಾಷೆಗಳಿಗೆ ಕೊಂಡೊಯ್ದಿತು. ನಮ್ಮ ಮಠದ ಓದುಬಳಗದ ಯುವಕ ಯುವತಿಯರು ಹತ್ತೇ ಹತ್ತು ವಚನಗಳನ್ನು ಎಸ್ಪೆರಾಂಟೊಗೆ ತರಲು ಯತ್ನಿಸಲಿ. 'ಲಾಬೋರೊ' ಎಂದರೆ ಬರೀ ಕೆಲಸ. ಕಾಯಕಕ್ಕೆ ಏನೆನ್ನುವುದು? ನಾನು ಎರಡು ವಾರದಿಂದ ಹುಡುಕುತ್ತಿದ್ದೇನೆ.