ಹಾಲು ಕರೆಯುವ ಕೈಗೆ ಶಸ್ತ್ರಚಿಕಿತ್ಸೆಯಾದ ಮೇಲೆ

ಹಸುವಿನ ಕೆಚ್ಚಲು ಬಾವಿನ ವಿಷಯವಾಗಿ ರೈತ ಮಹನೀಯರು ಬೇಕಾದಷ್ಟು ಓದಿರುವರು. ಆ ಕೆಚ್ಚಲನ್ನು ಹಿಡಿಯುವ ಕೈಯ ವಿಷಯವಾಗಿ ಯಾರೂ ಅಷ್ಟಾಗಿ ಯೋಚಿಸಿದಂತಿಲ್ಲ. ಈಚೆಗೆ ಸಂಚಾರದಲ್ಲಿ ಕಂಡ ಒಂದು ಸಂಗತಿಯಿಂದ ಇದನ್ನು ಬರೆಯಬೇಕಾಯಿತು.

ಎಂಟು ಹಸುಗಳುಳ್ಳ ಜಮೀನುದಾರರೊಬ್ಬರ ಕೊಟ್ಟಿಗೆಯಲ್ಲಿ ಬಹುಕಾಲದಿಂದ ಎರಡು ಹೊತ್ತೂ ಹಾಲು ಕರೆಯುತ್ತಿದ್ದ ಹೆಂಗಸೊಬ್ಬಳಿಗೆ ಬಲಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳು ಜೋಮು ಹಿಡಿಯತೊಡಗಿದವು. ನಡುರಾತ್ರಿಯಲ್ಲೆದ್ದು ಕೈ ಕೊಡವುತ್ತ ಕೂರುವಳು. ಕಿರುಬೆರಳಿಗೆ ಮಾತ್ರ ಏನೂ ಇಲ್ಲ. ರಾತ್ರಿ ಕಟ್ಟಿಕೊಳ್ಳುವ ಪಟ್ಟಿಯಿಂದ ಗುಣ ಕಾಣದಿರಲು ವೈದ್ಯರು ಶಸ್ತ್ರಚಿಕಿತ್ಸೆ ಮಾಡಿ ಅದೇ ದಿನ ಮನೆಗೆ ಕಳುಹಿಸಿದರು. ಹನ್ನೆರಡನೆಯ ದಿನ ಹೊಲಿಗೆ ಬಿಚ್ಚಿದರು. ಹದಿಮೂರನೆಯ ದಿನ ಯಜಮಾನರ ಮನೆಯಿಂದ ಕರೆ ಬಂದಿತು. ನಾಲ್ಕು ದಿನ ಹಾಲು ಕರೆದಳು. ಗಾಯವು ಬಾಯಿಬಿಟ್ಟು ಕೀವಾಯಿತು. ಆ ಯಜಮಾನರು ನಿರ್ದಯರಲ್ಲ, ನಾನು ಬಲ್ಲೆನು. ಹೊಲಿಗೆ ಬಿಚ್ಚಿದರೆ ಗುಣವಾದಂತೆಯೇ ಎಂದು ಅವರು ತಿಳಿದಿದ್ದರು.

ಮಣಿಕಟ್ಟಿನ ಎಲುಬುಗಳ ಮೇಲೆ ಗಟ್ಟಿಯಾದ ಕಟ್ಟೊಂದು ಚಾವಣಿಯಂತೆ ಹಾದಿರುವುದು. ಅದರ ಕೆಳಗಣ ಇಕ್ಕಟ್ಟಾದ ದಾರಿಯಲ್ಲಿ ಬೆರಳುಗಳನ್ನು ಮಡಿಸುವ ಒಂಬತ್ತು ಸ್ನಾಯುರಜ್ಜುಗಳೂ ಒಂದು ನರವೂ ಸಾಗುವುವು. ದಾರಿಯೊಳಗೆ ಬಾವು ಬಂದರೆ ನರವು ನಲುಗುವುದು. ಸಿಹಿಮೂತ್ರ, ಥೈರಾಯ್ಡ್ ಗ್ರಂಥಿಯ ದೋಷ, ಗರ್ಭಧಾರಣೆ ಇವುಗಳಲ್ಲಿಯೂ ಹೀಗಾಗುವುದುಂಟು. ಆದುದರಿಂದ ಎಲ್ಲಕ್ಕೂ ಹಾಲು ಕರೆಯುವುದೇ ಕಾರಣವೆನ್ನಲಾಗದು. ಆದರೂ ಮುಷ್ಟಿ ಬಿಗಿದು ಸಡಿಲಿಸುವ ಕೆಲಸವನ್ನು ದಿನವೂ ಮಾಡುವವರಲ್ಲಿ ಇದು ಹೆಚ್ಚು. ಶಸ್ತ್ರವೈದ್ಯರು ಆ ಕಟ್ಟನ್ನು ಕತ್ತರಿಸಿ ನರಕ್ಕೆ ಎಡೆ ಮಾಡಿಕೊಡುವರು.

ಮೇಲಿನ ಚರ್ಮವು ಎರಡು ವಾರಗಳಲ್ಲಿ ಕೂಡುವುದು; ಕೆಳಗೆ ಕತ್ತರಿಸಿದ ಕಟ್ಟು ಅಷ್ಟರಲ್ಲಿ ಕೂಡುವುದಿಲ್ಲ. ರಾತ್ರಿಯ ಜೋಮು ಅನೇಕರಿಗೆ ಕೆಲವೇ ದಿನಗಳಲ್ಲಿ ಹೋಗುವುದರಿಂದ ರೋಗಿಯೂ ಮೋಸಹೋಗುವುದುಂಟು. ಅಂಗೈಯ ಬುಡದ ನೋವು ಎರಡು ಮೂರು ತಿಂಗಳಿರಬಹುದು. ಹಿಡಿತದ ಬಲವು ಮರಳಲು ಮೂರು ತಿಂಗಳು, ಕೆಲವರಿಗೆ ಆರು ತಿಂಗಳೂ ಹಿಡಿಯುವುದು. ಮೊದಲ ದಿನದಿಂದಲೇ ಬೆರಳುಗಳನ್ನು ಮೆಲ್ಲಗೆ ಮಡಿಸಿ ಬಿಡಿಸುತ್ತಿರಬೇಕು, ಕೈಯನ್ನು ಎತ್ತರದಲ್ಲಿರಿಸಬೇಕು, ಗಾಯಕ್ಕೆ ನೀರೂ ಸಗಣಿಯೂ ತಾಗಕೂಡದು. ಹಾಲು ಕರೆಯುವುದು, ಕುಡುಗೋಲು ಹಿಡಿಯುವುದು, ಕೊಡ ಎತ್ತುವುದು ಇವು ಆರು ವಾರಗಳೊಳಗೆ ಸಲ್ಲವು. ಆಮೇಲೂ ವೈದ್ಯರನ್ನು ಕೇಳಿಯೇ ಆರಂಭಿಸತಕ್ಕದ್ದು. ಎರಡು ಕೈಗಳಿಗೂ ಒಮ್ಮೆಗೇ ಆದರಂತೂ ಮೊದಲ ದಿನಗಳಲ್ಲಿ ಊಟಕ್ಕೂ ಸ್ನಾನಕ್ಕೂ ಮತ್ತೊಬ್ಬರು ಬೇಕು.

ಎತ್ತಿನ ಹೆಗಲು ಹುಣ್ಣಾದರೆ ಮಾಯುವವರೆಗೆ ನೊಗ ಇಡದ ಯಜಮಾನರು ಆಳಿನ ಕೈಗೆ ಎರಡು ತಿಂಗಳು ಬಿಡುವು ಕೊಡಲು ಏಕೆ ಹಿಂದೆಗೆಯಬೇಕು? ಕೈ ಬದಲಾದರೆ ಹಸು ಹಾಲಿಳಿಸುವುದಿಲ್ಲವೆನ್ನುವರು, ನಿಜವೇ. ಆದುದರಿಂದಲೇ ಚಿಕಿತ್ಸೆಗೆ ಹದಿನೈದು ದಿನ ಮುಂಚಿತವಾಗಿ ಬದಲಿ ಆಳನ್ನು ಹಸುವಿಗೆ ಪಳಗಿಸಬೇಕು. ಎಂಟು ಹಸುಗಳುಳ್ಳವರು ಹಾಲು ಕರೆಯುವ ಯಂತ್ರವನ್ನೂ ಯೋಚಿಸಬಹುದು. ಕೂಲಿಯಲ್ಲಿ ಅರ್ಧವನ್ನಾದರೂ ಕೊಟ್ಟು, ಹೊಲಿಗೆ ಬಿಚ್ಚಿದ ತರುವಾಯ ದನಗಳ ಮೇಲೆ ಕಣ್ಣಿಡುವುದು, ಹಾಲಿನ ಲೆಕ್ಕ ನೋಡುವುದು ಮುಂತಾದ ಕೆಲಸಕ್ಕೆ ಇಟ್ಟುಕೊಂಡರೆ ನಷ್ಟವು ಬಹಳವಾಗದು.

ಬಿಡುವು ಸಿಕ್ಕದೆಂಬ ಭಯದಿಂದ ಎಷ್ಟೋ ಮಂದಿ ಚಿಕಿತ್ಸೆಯನ್ನೇ ಮುಂದೂಡುವರು. ಅಷ್ಟರಲ್ಲಿ ಹೆಬ್ಬೆರಳ ಬುಡದ ಮಾಂಸವು ಸವೆದುಹೋಗುವುದು. ಅದು ಸವೆದ ಮೇಲೆ ಶಸ್ತ್ರಚಿಕಿತ್ಸೆಯಾದರೂ ಪೂರ್ಣ ಬಲ ಮರಳದಿರಬಹುದು.

ಆ ಹೆಂಗಸಿನ ಎಡಗೈಗೂ ಈಗ ಚಿಕಿತ್ಸೆಯಾಗಬೇಕಾಗಿದೆ. ಮೊದಲು ಒಪ್ಪಿರಲಿಲ್ಲ. ಕಳೆದ ವಾರ ನಾನು ಹೋಗಿದ್ದಾಗ ಯಜಮಾನರು ನನ್ನೆದುರಿಗೇ ಆಕೆಗೆ ಎರಡು ತಿಂಗಳ ಮಾತು ಕೊಟ್ಟರು. ಬದಲಿಗೆ ಆಕೆಯ ತಂಗಿ ಬರುತ್ತಿದ್ದಾಳೆ. ಹಸುಗಳು ಇನ್ನೂ ಸ್ವಲ್ಪ ಒದೆಯುತ್ತವೆಯಂತೆ.